ಫೈಲು ನಮ್ಮದಲ್ಲ ಅಂದಿದ್ದರು

ಜೂನ್ 3, ಮಂಗಳವಾರ

ತಂಗೀ, ಮೊದಲು ನಿಮ್ಮ ಮನೆಯವರ ವಿಚಾರ, ಆಮೇಲೆ ನನ್ನದು. ನಿನ್ನ ಯಜಮಾನರ ಬೆನ್ನುನೋವು ಹೇಗಿದೆ? ಡಾಕ್ಟರು ಕೊಟ್ಟ ಬೆಲ್ಟು ಕಟ್ಟಿಕೊಳ್ಳುತ್ತಾರೋ, ಮೊಳೆಗೆ ನೇತುಹಾಕಿ ಓಡಾಡುತ್ತಾರೋ? ನಿನ್ನ ಅತ್ತೆಯವರಿಗೆ ಹೊಸ ಹಲ್ಲಿನ ಸೆಟ್ಟು ಸರಿಯಾಗಿ ಕೂತಿತೇ? ನಿನ್ನ ಮೊಮ್ಮಗ ಮೊಂಡನ ಕೈಯ ಪ್ಲಾಸ್ಟರು ಬಿಚ್ಚಿದರಂತೆ. ಇನ್ನಾದರೂ ಗೋಡೆ ಹತ್ತುವುದು ಬಿಟ್ಟನೇ? ಅವನ ಅಕ್ಕ ಗುಬ್ಬಿಗೆ ಕೆಮ್ಮು ನಿಂತಿತೇ? ನಿನ್ನ ಕಿವಿ ಹೇಗಿದೆ ಎಂದು ಕೇಳುವುದಿಲ್ಲ. ಕೇಳಿದರೂ ನಿನಗೆ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿರುವುದು.

ಫೋನಿನಲ್ಲಿ ನಿನಗೆ ಕೇಳಿಸಬೇಕಾದರೆ ನಾನು ಕೂಗಬೇಕು. ಕೂಗಿದರೆ ವಾರ್ಡಿನವರಿಗೆಲ್ಲ ನಮ್ಮ ಮನೆತನದ ಕಥೆ ಪುಕ್ಕಟೆ. ಹಾಗಾಗಿ ಮಗನ ಹತ್ತಿರ ಒಂದು ನೋಟುಪುಸ್ತಕ ತರಿಸಿಕೊಂಡಿದ್ದೇನೆ. ತೋಚಿದಾಗ ಬರೆದು, ಕಡೆಗೆ ಹಾಳೆಗಳನ್ನು ಕಿತ್ತು ಕಳಿಸುತ್ತೇನೆ. ಕಳಿಸದೆ ಹೋದರೂ ಹೋದೆ. ನಿನಗೆ ಬರೆಯುತ್ತಿದ್ದೇನೆ ಅಂದುಕೊಂಡು ನನಗೆ ನಾನೇ ಬರೆದುಕೊಳ್ಳುವುದು ಹಳೆಯ ಚಾಳಿ.

ನನಗೆ ಏನಾಗಿದೆ ಎಂದು ಸೊಸೆ ಹೇಳಿರುತ್ತಾಳೆ, ಎರಡರಷ್ಟು ಮಾಡಿ. ಇರುವುದು ಇಷ್ಟು: ಪಿತ್ತಕೋಶದಲ್ಲಿ ಕಲ್ಲು, ಕಲ್ಲಿನ ಸುತ್ತ ಸೋಂಕು. ಸೋಂಕು ಇಳಿಯಬೇಕು, ಸಕ್ಕರೆ ಕಾಯಿಲೆ ಹದ್ದುಬಸ್ತಿಗೆ ಬರಬೇಕು, ಆಮೇಲೆ ಹೊಟ್ಟೆ ಕೊಯ್ದು ಪಿತ್ತಕೋಶವನ್ನೇ ತೆಗೆಯುತ್ತಾರೆ. ತೆಗೆಯದೆ ಬಿಟ್ಟರೆ ಒಡೆಯಬಹುದು, ಒಡೆದರೆ ಕಷ್ಟ ಎಂದು ಡಾಕ್ಟರು ಬೆರಳು ಮಡಿಸಿ ಮಡಿಸಿ ಹೇಳಿದರು. ನಾನು ಹೆದರಿಲ್ಲ. ಮೂವತ್ತು ವರ್ಷ ಹೊಲಿಗೆ ಅಂಗಡಿಯಲ್ಲಿ ಕತ್ತರಿ ಹಿಡಿದವಳು ಕತ್ತರಿಗೆ ಹೆದರಿದರೆ ಆದೀತೇ?

ಜಾಗ ಚೆನ್ನಾಗಿದೆ. ಹನ್ನೆರಡು ಹಾಸಿಗೆಯ ಹೆಂಗಸರ ವಾರ್ಡು. ನನ್ನದು ಹದಿನಾಲ್ಕನೇ ನಂಬರು, ಕಿಟಕಿಯ ಪಕ್ಕ. ಹನ್ನೆರಡು ಹಾಸಿಗೆಯಲ್ಲಿ ಹದಿನಾಲ್ಕು ಹೇಗೆ ಬಂತು ಎಂದು ಕೇಳಬೇಡ, ಎಣಿಕೆ ಪಕ್ಕದ ಕೋಣೆಯಿಂದ ಶುರುವಾಗಿದೆ. ಇಲ್ಲಿ ನನಗೇನೂ ಆಗುವುದಿಲ್ಲ ಎಂಬ ಧೈರ್ಯ ಬಂದಿದೆ. ಯಾಕೆ ಗೊತ್ತೇ? ಹೊದಿಕೆಯ ಅಂಚಿನ ಹೊಲಿಗೆ ಗೆರೆ ಎಳೆದಂತಿದೆ. ಹೊದಿಕೆಯನ್ನೇ ಇಷ್ಟು ನೀಟಾಗಿ ಹೊಲಿಸುವವರು ನನ್ನ ಹೊಟ್ಟೆಯನ್ನು ಅಡ್ಡಾದಿಡ್ಡಿ ಹೊಲಿಯುವುದಿಲ್ಲ.

ಒಂದೇ ತಕರಾರು, ಇಲ್ಲಿ ಯಾರಿಗೂ ಹೆಸರಿಲ್ಲ. ಬೆಳಿಗ್ಗೆ ದೊಡ್ಡ ಸಿಸ್ಟರ್ ಬಂದು, “ಹದಿನಾಲ್ಕು, ಜ್ವರ ಇದೆಯಾ?” ಅಂದರು.

“ಹದಿನಾಲ್ಕಕ್ಕೆ ಇದೆಯೋ ಇಲ್ಲವೋ ಗೊತ್ತಿಲ್ಲ. ನನಗಂತೂ ಇಲ್ಲ” ಅಂದೆ.

“ಅಮ್ಮ, ಎಷ್ಟೋ ಜನ ಬರ್ತಾರೆ, ಹೋಗ್ತಾರೆ. ಎಲ್ಲರ ಹೆಸರೂ ನೆನಪಿಟ್ಕೊಳ್ಳೋಕೆ ಆಗುತ್ತಾ?”

“ನೆನಪಿಟ್ಕೋಬೇಡಿ ಸಿಸ್ಟರ್. ಪ್ರತಿಸಲ ಕೇಳಿ. ಹೇಳೋಕೆ ನನಗೇನೂ ಬೇಜಾರಿಲ್ಲ.”

ಅವರು ನಗಲಿಲ್ಲ. ಪಕ್ಕದ ಹಾಸಿಗೆಯವರು ಮುಸುಕಿನೊಳಗೆ ನಕ್ಕರು.


ಜೂನ್ 4, ಬುಧವಾರ

ಮುಸುಕಿನೊಳಗೆ ನಕ್ಕವರು ಹದಿನೈದನೇ ಹಾಸಿಗೆಯ ಟೀಚರಮ್ಮ. ನಿವೃತ್ತಿಯಾಗಿ ಎಂಟು ವರ್ಷವಂತೆ. ಉಬ್ಬಸ. ಎರಡು ಮಾತಾಡಿದರೆ ಮೂರು ಸಲ ಉಸಿರು ಎಳೆದುಕೊಳ್ಳಬೇಕು. ಅವರ ಹಾಸಿಗೆ ಬಟ್ಟೆ ಬೀರುವಿನ ಸಂದಿಯಲ್ಲಿದೆ, ಗಾಳಿ ಆಡುವುದಿಲ್ಲ.

ಇವತ್ತು ನನಗೆ ಬೈಗುಳವಾಯಿತು. ಹಾಸಿಗೆಯ ಕಾಲಬದಿಯಲ್ಲಿ ಒಂದು ಕೊಕ್ಕೆ, ಕೊಕ್ಕೆಗೆ ಒಂದು ಫೈಲು. ಸುಮ್ಮನೆ ಕೂತಿದ್ದೆನಲ್ಲ, ಏನು ಬರೆದಿದ್ದಾರೋ ನೋಡೋಣ ಎಂದು ತೆಗೆದೆ. ಒಂದು ಹಾಳೆ ತಿರುವಿರಲಿಲ್ಲ, ದೊಡ್ಡ ಸಿಸ್ಟರ್ ಅಲ್ಲಿಂದಲೇ ಕೂಗಿದರು. “ಅಮ್ಮಾ! ಫೈಲು ಮುಟ್ಟಬಾರದು. ಅದು ನಿಮ್ಮದಲ್ಲ.”

“ಒಳಗಿರೋ ರಕ್ತ ನನ್ನದು, ಮೂತ್ರ ನನ್ನದು, ಹೊಟ್ಟೆಯ ಫೋಟೋ ನನ್ನದು. ಫೈಲು ಯಾರದ್ದು ಸಿಸ್ಟರ್?”

“ಆಸ್ಪತ್ರೆದು” ಅಂದು ಕಿತ್ತುಕೊಂಡು ಕೊಕ್ಕೆಗೆ ಹಾಕಿದರು.

ಟೀಚರಮ್ಮ ನನಗೇ ಬುದ್ಧಿ ಹೇಳಿದರು. “ಅವರು ಓದಿದವರು, ಕೇಳಬಾರದು. ಪ್ರಶ್ನೆ ಕೇಳೋ ರೋಗಿ ಕಂಡ್ರೆ ಯಾರಿಗೂ ಆಗಲ್ಲ.”

“ನಿಮಗೆ ಹೇಗೆ ಗೊತ್ತು?”

“ಮೂವತ್ತೈದು ವರ್ಷ ಪಾಠ ಹೇಳಿದ್ದೀನಿ. ಪ್ರಶ್ನೆ ಕೇಳೋ ಮಕ್ಕಳು ಕಂಡ್ರೆ ನನಗೂ ಆಗ್ತಿರಲಿಲ್ಲ.”

ನಾನು ಶಾಲೆಗೆ ಹೋದವಳಲ್ಲ, ಅಕ್ಷರ ಕಲಿತದ್ದು ಅಳತೆ ಪುಸ್ತಕದಲ್ಲಿ ಎಂದು ಅವರಿಗೆ ಹೇಳಿದೆ. ನಿನಗೆ ಗೊತ್ತಲ್ಲ, ಹೊಲಿಗೆ ಅಂಗಡಿಯ ಮಾಸ್ತರು ಟೇಪು ಹಿಡಿದು “ತೋಳು ಇಪ್ಪತ್ತೆರಡು” ಎಂದು ಕೂಗಬೇಕು, ಪುಸ್ತಕ ಹಿಡಿದವಳು “ತೋಳು ಇಪ್ಪತ್ತೆರಡು” ಎಂದು ತಿರುಗಿ ಕೂಗಿ ಆಮೇಲೆ ಬರೆಯಬೇಕು, ಎಲ್ಲಕ್ಕಿಂತ ಮೊದಲು ಗಿರಾಕಿಯ ಹೆಸರು. ಹೆಸರಿಲ್ಲದ ಬಟ್ಟೆಗೆ ಕತ್ತರಿ ಇಡುವ ಹಾಗಿರಲಿಲ್ಲ. ಟೀಚರಮ್ಮ “ಚೆನ್ನಾಗಿದೆ, ಕಂಠಪಾಠ ಇದ್ದ ಹಾಗೆ” ಅಂದರು. ಅದು ಕಂಠಪಾಠ ಅಲ್ಲ, ತಪ್ಪಿಗೆ ಹಾಕುವ ಬೇಲಿ ಅಂದೆ. ಅಷ್ಟರಲ್ಲಿ ಅವರಿಗೆ ಕೆಮ್ಮು ಬಂತು.


ಜೂನ್ 6, ಶುಕ್ರವಾರ

ನಿನ್ನೆ ಬರೆಯುವಂಥದ್ದು ಏನೂ ಇರಲಿಲ್ಲ. ಚುಚ್ಚಿದರು, ಅಳೆದರು, ಮಲಗಿದೆ.

ಇವತ್ತು ಸಂಜೆ ಒಂದು ಒಳ್ಳೆಯ ಕೆಲಸ ಮಾಡಿದೆ. ಟೀಚರಮ್ಮ ಆ ಬೀರುವಿನ ಸಂದಿಯಲ್ಲಿ ಕೂತು ಉಸಿರಿಗೆ ತಡಕಾಡುವುದನ್ನು ನೋಡಿ ನೋಡಿ ನನಗೇ ಎದೆ ಕಟ್ಟಿದ ಹಾಗಾಯಿತು. “ಬನ್ನಿ, ಕಿಟಕಿ ನಿಮಗೆ, ಬೀರು ನನಗೆ” ಅಂದೆ. ಮೊದಲು ಒಪ್ಪಲಿಲ್ಲ. “ಯಾರಾದ್ರೂ ಏನಾದ್ರೂ ಅಂದ್ರೆ?” ಎಂಬುದು ಅವರ ಭಯ. ಅನ್ನುವುದಕ್ಕೆ ಯಾರಿದ್ದರು ಹೇಳು? ಆ ಹೊತ್ತಿಗೆ ಇದ್ದವಳು ಹೊಸದಾಗಿ ಬಂದ ಹುಡುಗಿ ಒಬ್ಬಳೇ. ನಡೆಯುವುದನ್ನೇ ಅರಿಯದವಳ ಹಾಗೆ ಓಡುತ್ತಿರುತ್ತಾಳೆ, ನಾನು ಅವಳಿಗೆ ಸರಸರ ಸಿಸ್ಟರ್ ಎಂದು ಹೆಸರಿಟ್ಟಿದ್ದೇನೆ.

ಇಬ್ಬರೂ ಸೇರಿ ಎಲ್ಲ ಬದಲಾಯಿಸಿಕೊಂಡೆವು. ನನ್ನ ದಿಂಬು, ಹೊದಿಕೆ, ನೀರಿನ ಬಾಟಲಿ, ಚಪ್ಪಲಿ, ಈ ನೋಟುಪುಸ್ತಕ ಈ ಕಡೆ. ಅವರ ಕನ್ನಡಕದ ಡಬ್ಬಿ, ಉಬ್ಬಸದ ಪಂಪು, ಫ್ಲಾಸ್ಕು ಆ ಕಡೆ. ಹೊಸ ಮನೆಗೆ ಹೋದವರ ಹಾಗೆ ಟೀಚರಮ್ಮ ಕಿಟಕಿಯಿಂದ ಹೊರಗೆ ನೋಡುತ್ತ ಕೂತರು. ಹೊರಗೆ ಇರುವುದು ಆಂಬುಲೆನ್ಸ್ ತೊಳೆಯುವ ಜಾಗ. ಆದರೂ ಅವರ ಉಸಿರು ಸಲೀಸಾಯಿತು. ನನಗೂ ಹಿತವೆನಿಸಿತು. ಆಸ್ಪತ್ರೆಯಲ್ಲಿ ಮಲಗಿದವಳೂ ಇನ್ನೊಬ್ಬರಿಗೆ ಒಂದಿಷ್ಟು ಗಾಳಿ ಕೊಡಬಹುದು ನೋಡು.

ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸ್ಕ್ಯಾನಿಂಗು.


ಜೂನ್ 7, ಶನಿವಾರ

ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಓದಲು ಆಗದಿದ್ದರೆ ಬೈಯಬೇಡ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಏಳಕ್ಕೆ ನನ್ನನ್ನು ಗಾಲಿಕುರ್ಚಿಯಲ್ಲಿ ಸ್ಕ್ಯಾನಿಂಗಿಗೆ ಒಯ್ದರು. ಅಲ್ಲಿ ಸಾಲು. ವಾಪಸ್ಸು ಬಂದಾಗ ಒಂಬತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ತಿಂಡಿಗೆ ಮುಂಚೆ ನನಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಆಗಬೇಕು. ಸರಸರ ಸಿಸ್ಟರ್ ಟ್ರಾಲಿ ತಳ್ಳಿಕೊಂಡು ಹೋಗುತ್ತಿದ್ದಳು.

“ಏನಮ್ಮಾ, ನನ್ನ ಇನ್ಸುಲಿನ್ ಬಾಕಿ ಇದೆ.”

ಅವಳು ನಿಂತಲ್ಲೇ ಪುಸ್ತಕ ತಿರುವಿದಳು. “ಕೊಟ್ಟಾಯ್ತಲ್ಲ ಅಮ್ಮ. ಹದಿನಾಲ್ಕು, ಏಳೂ ಮುಕ್ಕಾಲು, ಟಿಕ್ ಹಾಕಿದ್ದೀನಿ ನೋಡಿ.”

“ನಾನು ಇಲ್ಲೇ ಇರಲಿಲ್ಲ. ಯಾರಿಗೆ ಕೊಟ್ಟೆ?”

ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

ಟೀಚರಮ್ಮ ದಿಂಬಿಗೆ ಒರಗಿ ಕೂತಿದ್ದರು. ಮುಂದೆ ತಿಂಡಿಯ ತಟ್ಟೆ ಹಾಗೇ ಇತ್ತು, ಬ್ರೆಡ್ಡಿನ ಒಂದು ಮೂಲೆಯೂ ಮುರಿದಿರಲಿಲ್ಲ. ಹಣೆಯ ಮೇಲೆ ಬೆವರು ಹನಿಹನಿಯಾಗಿ ನಿಂತಿತ್ತು. ನನ್ನನ್ನು ನೋಡಿ, “ಕೊನೇ ಬೆಂಚು, ಎದ್ದು ನಿಲ್ಲಿ. ಯಾರು ಮಾತಾಡಿದ್ದು?” ಅಂದರು. ಧ್ವನಿ ಅವರದೇ, ಮಾತು ಎಲ್ಲಿಯದೋ.

ತಂಗೀ, ಸಕ್ಕರೆ ಕಾಯಿಲೆ ಇಲ್ಲದವರಿಗೆ ನನ್ನ ಇನ್ಸುಲಿನ್ ಹೋಗಿತ್ತು, ನನಗೆ ಸಕ್ಕರೆ ಇಳಿದ ಲಕ್ಷಣ ಗೊತ್ತು. ಹನ್ನೊಂದು ವರ್ಷದಿಂದ ಅದರ ಜೊತೆ ಸಂಸಾರ ಮಾಡಿದ್ದೇನೆ. ಚೀಲದಲ್ಲಿ ಯಾವಾಗಲೂ ಸಕ್ಕರೆ ಪೊಟ್ಟಣ ಇಟ್ಟಿರುತ್ತೇನೆ. ನೀರಿಗೆ ಹಾಕಿ ಕಲಕಿ, ಅವರ ಗಲ್ಲ ಹಿಡಿದು, “ಟೀಚರಮ್ಮ, ನುಂಗಿ. ಪ್ರಶ್ನೆ ಕೇಳದೆ ನುಂಗೋದು ನಿಮಗೆ ಚೆನ್ನಾಗಿ ಬರುತ್ತಲ್ಲ, ನುಂಗಿ” ಅಂದೆ. ಗುಟುಕು ಗುಟುಕಾಗಿ ಕುಡಿಸಿದೆ. ಜೊತೆಗೇ ಡಾಕ್ಟರನ್ನು ಕರೆಯಿರಿ ಎಂದು ಕೂಗುತ್ತಿದ್ದೆ. ಸರಸರ ಸಿಸ್ಟರ್ ಬೆರಳು ಚುಚ್ಚಿ ನೋಡಿದಳು, ನಲವತ್ತೆರಡು. ನಲವತ್ತೆರಡು ಎಂದರೆ ಬಾವಿಯ ಅಂಚು. ಡಾಕ್ಟರು ಓಡಿ ಬಂದರು, ಕೈಗೆ ಗ್ಲೂಕೋಸು ಏರಿಸಿದರು, ಹಾಸಿಗೆ ಸಮೇತ ತಳ್ಳಿಕೊಂಡು ಮೇಲಿನ ವಾರ್ಡಿಗೆ ಒಯ್ದರು.

ಹೋಗುವಾಗ ಅವರಿಗೆ ಸ್ವಲ್ಪ ಅರಿವು ಬಂದಿತ್ತು. “ಯಾಕೆ ಚುಚ್ಚಿದ್ರು ಅಂತ ಕೇಳಲಿಲ್ಲವಾ?” ಅಂದೆ.

“ಅವರಿಗೆ ಗೊತ್ತಿರುತ್ತೆ ಅಂದ್ಕೊಂಡೆ” ಅಂದರು.

ಈಗ ಹೇಳುತ್ತೇನೆ ಕೇಳು. ದಿಂಬು ಬದಲಾಯಿಸಿದೆವು, ಚಪ್ಪಲಿ ಬದಲಾಯಿಸಿದೆವು, ನೀರಿನ ಬಾಟಲಿಯನ್ನೂ ಬಿಡಲಿಲ್ಲ. ಕೊಕ್ಕೆಯಲ್ಲಿದ್ದ ಫೈಲು ಮಾತ್ರ ಬದಲಾಯಿಸಲಿಲ್ಲ. ಮರೆತೆವು ಅಂದುಕೊಂಡೆಯಾ? ಇಲ್ಲ. ನೆನಪಾಗಿತ್ತು. ನಾನು ಕೈ ಚಾಚಿದ್ದೆ ಕೂಡ. “ಬೇಡ ಬೇಡ, ಮೊನ್ನೆ ಬೈಸಿಕೊಂಡಿದ್ದೀರಿ” ಅಂದರು ಟೀಚರಮ್ಮ. ಹೌದಲ್ಲ, ಅದು ನಮ್ಮದಲ್ಲ ಎಂದು ಕೈ ಹಿಂದೆ ತೆಗೆದೆ. ಕೈಗೆ ಕಟ್ಟಿದ್ದ ಪಟ್ಟಿಯ ಮೇಲಿನ ಹೆಸರು ಮೊದಲ ಸ್ನಾನಕ್ಕೇ ಅಳಿಸಿಹೋಗಿದೆ. ಉಳಿದದ್ದು ಆ ಫೈಲು, ಅದರ ಮೇಲೆ ಹದಿನಾಲ್ಕು. ಅದನ್ನು ನೋಡಿಯೇ ಚುಚ್ಚುತ್ತಾರೆ ಎಂದು ಇವತ್ತು ಗೊತ್ತಾಯಿತು.


ಜೂನ್ 8, ಭಾನುವಾರ

ಸಿಸ್ಟರ್ ತಂದುಕೊಟ್ಟ ಯಾವ ಮಾತ್ರೆಯನ್ನೂ ನುಂಗಲಿಲ್ಲ. ಡಾಕ್ಟರೇ ಬಂದು ಒಂದೊಂದನ್ನೂ ಎತ್ತಿ ಹಿಡಿದು ಇದು ಇಂಥದ್ದು, ಇದು ಇಂಥದ್ದು ಎಂದ ಮೇಲೆ ನುಂಗಿದೆ. ಕೊಟ್ಟ ನೀರನ್ನೂ ಮೂಸಿ ನೋಡಿದೆ. ಹೊದಿಕೆಯ ಅಂಚು ಈಗಲೂ ನೇರವಾಗಿಯೇ ಇದೆ. ಅದನ್ನು ನೋಡಿದರೆ ಸಿಟ್ಟು ಬರುತ್ತದೆ.

ಕಿಟಕಿಯ ಜಾಗ ಖಾಲಿ. ಅಲ್ಲಿಗೆ ಹೋಗಿ ಅಂದರು. ಹೋಗಲಿಲ್ಲ.


ಜೂನ್ 9, ಸೋಮವಾರ

ಕಚೇರಿಯಿಂದ ಒಬ್ಬರು ಬಂದಿದ್ದರು. ಶರಟು ಚೆನ್ನಾಗಿ ಇಸ್ತ್ರಿ ಮಾಡಿತ್ತು, ಆದರೆ ಎರಡನೇ ಗುಂಡಿಯ ನೂಲು ಬೇರೆ ಬಣ್ಣದ್ದು. ಟೈಪ್ ಮಾಡಿದ ಒಂದು ಹಾಳೆ ಮುಂದಿಟ್ಟು, “ಇಲ್ಲೊಂದು ಸಹಿ ಹಾಕಿ ಅಮ್ಮ, ಬರೀ ಫಾರ್ಮಾಲಿಟಿ” ಅಂದರು.

ಬೆರಳಿಟ್ಟು ಓದಿದೆ. ‘ರೋಗಿಗಳು ಸಿಬ್ಬಂದಿಗೆ ತಿಳಿಸದೆ ತಾವಾಗಿಯೇ ಹಾಸಿಗೆಗಳನ್ನು ಬದಲಾಯಿಸಿಕೊಂಡ ಕಾರಣ ಈ ಘಟನೆ ಸಂಭವಿಸಿರುತ್ತದೆ.’ ಅಷ್ಟೇ. ಒಂದೇ ವಾಕ್ಯ, ಕೆಳಗೆ ಚುಕ್ಕೆ ಚುಕ್ಕೆ ಗೆರೆ.

“ಇದು ನಿಜ. ಆದರೆ ಅರ್ಧ. ಉಳಿದರ್ಧ ಎಲ್ಲಿ?” ಅಂದೆ.

“ಯಾವ ಉಳಿದರ್ಧ?”

“ಹೆಸರು ಕೇಳದೆ ಚುಚ್ಚಿದ್ದು.”

“ಅದು ಇಲಾಖೆ ವಿಚಾರ ಅಮ್ಮ, ನಾವು ನೋಡ್ಕೋತೀವಿ.”

“ಹಾಗಾದರೆ ಇದನ್ನೂ ನೀವೇ ನೋಡ್ಕೊಳ್ಳಿ. ಒಂದು ತೋಳಿನ ಅಳತೆ ತಗೊಂಡು ಅಂಗಿ ಹೊಲಿಯೋಕೆ ನನಗೆ ಬರಲ್ಲ.”

ಅವರು ಹಾಳೆಯನ್ನು ಅಲ್ಲೇ ಬಿಟ್ಟು ಹೋದರು.

ಮಧ್ಯಾಹ್ನ ಸರಸರ ಸಿಸ್ಟರ್ ಬಂದಳು. ಓಡಲಿಲ್ಲ, ಕಾಲೆಳೆದುಕೊಂಡು ಬಂದಳು. ಬೀರುವಿನ ಮರೆಯಲ್ಲಿ ನಿಂತು, “ಅಮ್ಮ, ನೀವು ಸಹಿ ಹಾಕಿದ್ರೆ ನನ್ನ ಮೇಲೆ ಬರಲ್ಲ” ಅಂದಳು.

“ಹಾಕದಿದ್ದರೆ?”

“ನನ್ನನ್ನ ಕಳಿಸಿಬಿಡ್ತಾರೆ. ಸೇರಿ ಇನ್ನೂ ಎರಡು ತಿಂಗಳಾಗಿಲ್ಲ.” ಮುಂಗೈಯಿಂದ ಕಣ್ಣೊರೆಸಿಕೊಂಡಳು. ಕೈಯೆಲ್ಲ ಔಷಧಿಯ ವಾಸನೆ. ನಮ್ಮ ಗುಬ್ಬಿಗಿಂತ ಆರೇಳು ವರ್ಷ ದೊಡ್ಡವಳಿರಬಹುದು, ಅಷ್ಟೇ.

ಅವಳನ್ನು ಸಮಾಧಾನ ಮಾಡುವುದೋ, ಬೈಯುವುದೋ ಗೊತ್ತಾಗಲಿಲ್ಲ. ಎರಡೂ ಮಾಡಿದೆ. “ನಾನು ಸಹಿ ಹಾಕಿದ್ರೆ ನೀನು ಉಳಿದೆ ಅಂತ ಇಟ್ಕೋ. ನಾಳೆ ನೀನು ಮತ್ತೆ ಹೀಗೇ ಓಡ್ತೀಯ. ಆಗ ಸಕ್ಕರೆ ಪೊಟ್ಟಣ ಇಟ್ಕೊಂಡಿರೋ ಮುದುಕಿ ಪಕ್ಕದ ಹಾಸಿಗೆಯಲ್ಲಿ ಇರ್ತಾಳಾ?” ಅಂದೆ.

ಸಂಜೆ ಮಗ ಬಂದ. ಬಸ್ಸಿನ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದಿದ್ದ. ಎಲ್ಲ ಕೇಳಿ, ಉಳಿದರ್ಧ ನಾನೇ ಬರೆದು ಕೊಡುತ್ತೇನೆ ಅಂದದ್ದಕ್ಕೆ, “ಅಮ್ಮ, ಕತ್ತಿ ಇರೋದು ಅವರ ಕೈಯಲ್ಲಿ, ಹೊಟ್ಟೆ ಇರೋದು ನಿನ್ನದು. ಈಗ ಜಗಳ ಬೇಕಾ?” ಅಂದ.

“ನೀನು ಬಸ್ಸು ಓಡಿಸೋವಾಗ ಹಿಂದೆ ಕೂತವರು, ‘ಅಣ್ಣಾ, ಬಾಗಿಲು ಹಾಕಿಲ್ಲ’ ಅಂದ್ರೆ ಅದು ಜಗಳವಾ?”

“ಹೇಳಿದ್ರೆ ಅಲ್ಲ. ಬರೆದು ಕೊಡ್ತೀನಿ ಅಂದ್ರೆ ಜಗಳ.”

ಅವನು ಅಪ್ಪನ ಮಗ, ಮಾತಿಗೆ ಸೋಲುವುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ. ನನಗೆ ಎರಡೂ ಬಾರದು ಎಂದು ತೋರುತ್ತದೆ. ರೋಗವೂ ಬಂತು, ಜಗಳವೂ ಬಂತು.


ಜೂನ್ 10, ಮಂಗಳವಾರ

ಸಹಿ ಹಾಕಿಲ್ಲ. ಎರಡು ಸಲ ಕೇಳಿದರು. ಹೊಟ್ಟೆ ನೋವು ತಿರುಗಿ ಬಂದಿದೆ, ಬಲಗಡೆ, ಬೆನ್ನಿನವರೆಗೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಸೋತೆ ಅಂದುಕೊಳ್ಳುತ್ತಾರೆ.


ಜೂನ್ 11, ಬುಧವಾರ

ಬೆಳಿಗ್ಗೆ ಡಾಕ್ಟರಿಗೆ ನೋವಿನ ವಿಚಾರ ಹೇಳಿಬಿಟ್ಟೆ. ಮುಚ್ಚಿಟ್ಟು ಗೆಲ್ಲುವುದು ಏನಿದೆ? ಮುಚ್ಚಿಡಬೇಡಿ ಎಂದು ನಾನೇ ಅವರ ಜೊತೆ ಗುದ್ದಾಡುತ್ತಿರುವಾಗ!

ಟೀಚರಮ್ಮ ಮೇಲಿನ ವಾರ್ಡಿನಿಂದ ಇಳಿದು ಬಂದರು. ಕಿಟಕಿಯ ಹಾಸಿಗೆಗೇ ಬಂದರು, ಈ ಸಲ ಫೈಲಿನ ಸಮೇತ. ಮುಖ ಇಳಿದಿದೆ, ಉಸಿರು ಪರವಾಗಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಹೋಗಿ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಂಡರು.

“ನಾನು ಸಹಿ ಹಾಕಿಬಿಟ್ಟೆ ಕಣ್ರೀ” ಅಂದರು.

“ಯಾವುದಕ್ಕೆ?”

“ಅದೇ ಹಾಳೆಗೆ. ಮೇಲೇ ತಂದಿದ್ರು. ನೀವು ಬೈತೀರ ಅಂತ ಗೊತ್ತು. ಈ ಉಬ್ಬಸಕ್ಕೆ ನಾನು ಸಾಯೋವರೆಗೂ ಇಲ್ಲಿಗೇ ಬರಬೇಕು. ನೀವು ಕಲ್ಲು ತೆಗೆಸ್ಕೊಂಡು ಮನೆಗೆ ಹೋಗ್ತೀರ.”

ಬೈಯಬೇಕು ಎಂದೇ ಬಾಯಿ ತೆರೆದೆ. ಅವರ ಮುಂಗೈ ಮೇಲೆ ಸೂಜಿ ಹಾಕಿದ ಜಾಗ ನೇರಳೆ ಬಣ್ಣಕ್ಕೆ ತಿರುಗಿತ್ತು. ಬಾಯಿ ಮುಚ್ಚಿಕೊಂಡೆ. ಸತ್ತು ಬದುಕಿದವರು ಅವರು, ನಾನಲ್ಲ. ಧೈರ್ಯ ಬಾಯಲ್ಲಿ ಇಟ್ಟುಕೊಂಡು ತಿರುಗುವುದು ನನಗೆ ಸುಲಭ.

ಊಟವಾದ ಮೇಲೆ ಈ ಪುಸ್ತಕದಿಂದಲೇ ಒಂದು ಹಾಳೆ ಕಿತ್ತು ನಾನೇ ಬರೆದೆ:

‘ನಾನೂ ಪಕ್ಕದ ಹಾಸಿಗೆಯವರೂ ಯಾರಿಗೂ ಹೇಳದೆ ಹಾಸಿಗೆ ಬದಲಾಯಿಸಿದೆವು. ಆ ಯೋಚನೆ ನನ್ನದು. ಅದು ನಮ್ಮ ತಪ್ಪು. ಮರುದಿನ ಹೆಸರು ಕೇಳದೆ ನನ್ನ ಇಂಜೆಕ್ಷನನ್ನು ಅವರಿಗೆ ಕೊಟ್ಟರು. ಅದು ನಿಮ್ಮ ತಪ್ಪು. ಫೈಲು ಮುಟ್ಟಬಾರದು ಎಂದು ಹೇಳಿದ್ದಿರಿ, ಅದನ್ನು ನೋಡಿಯೇ ಔಷಧಿ ಕೊಡುತ್ತೀರಿ ಎಂದು ಹೇಳಿರಲಿಲ್ಲ. ಹೇಳಿದ್ದರೆ ಬೈದರೂ ಮುಟ್ಟುತ್ತಿದ್ದೆವು. ಇದು ಯಾರ ತಪ್ಪು ಎಂದು ನನಗೆ ಗೊತ್ತಿಲ್ಲ, ನೀವೇ ಯೋಚಿಸಿ.’

ಬರೆದು ಮುಗಿಸುವ ಹೊತ್ತಿಗೆ ಟೀಚರಮ್ಮ ಕನ್ನಡಕ ಏರಿಸಿ ಕೂತಿದ್ದರು. “ಕೊಡಿ ಇಲ್ಲಿ” ಅಂದರು. ಅವರ ಚೀಲದಲ್ಲಿ ಇನ್ನೂ ಕೆಂಪು ಪೆನ್ನು ಇದೆ ಅಂದರೆ ನಂಬುತ್ತೀಯಾ? ಎಂಟು ವರ್ಷವಾದರೂ! ನಾಲ್ಕು ಒತ್ತಕ್ಷರ ತಿದ್ದಿದರು, ಒಂದು ದೀರ್ಘ ಹಾಕಿದರು, “ಯೋಚಿಸಿ ಅನ್ನೋದು ಚೆನ್ನಾಗಿದೆ, ಇರಲಿ” ಅಂದರು. ಹಾಳೆಯನ್ನು ತಿರುಗಿ ಕೊಡಲಿಲ್ಲ. ಮಡಿಲಲ್ಲಿಟ್ಟುಕೊಂಡು ಆಂಬುಲೆನ್ಸ್ ತೊಳೆಯುವುದನ್ನು ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಹೆಸರಿನ ಕೆಳಗೆ, ಅದೇ ಕೆಂಪು ಪೆನ್ನಿನಲ್ಲಿ, ಸಹಿ ಹಾಕಿದರು.

“ಅಲ್ಲೂ ಹಾಕಿದ್ದೀರಲ್ಲ?” ಅಂದೆ.

“ಅದು ಅರ್ಧ ಉತ್ತರ. ಅರ್ಧ ಉತ್ತರಕ್ಕೆ ನಾನು ಯಾರಿಗೂ ಪೂರ್ತಿ ಅಂಕ ಕೊಟ್ಟವಳಲ್ಲ.”

ಇನ್ನೊಂದು ಪ್ರತಿಯನ್ನು ಅವರೇ ಬರೆದುಕೊಟ್ಟರು, ಮುತ್ತು ಪೋಣಿಸಿದಂತಹ ಅಕ್ಷರದಲ್ಲಿ.


ಜೂನ್ 12, ಗುರುವಾರ

ಸೋಂಕು ಇಳಿದಿದೆ, ಇನ್ನು ತಡ ಮಾಡುವುದು ಬೇಡ, ನಾಳೆ ಬೆಳಿಗ್ಗೆ ಮೊದಲ ಆಪರೇಷನ್ ನಿಮ್ಮದೇ ಎಂದು ಡಾಕ್ಟರು ಹೇಳಿ ಹೋದರು. ಹಿಂದೆಯೇ ಕಚೇರಿಯವರು ಬಂದರು. ಒಂದು ಕೈಯಲ್ಲಿ ಆಪರೇಷನ್ನಿನ ಒಪ್ಪಿಗೆ ಪತ್ರ, ಇನ್ನೊಂದು ಕೈಯಲ್ಲಿ ಅದೇ ಹಳೆಯ ಹಾಳೆ.

ನನ್ನ ಎರಡು ಪ್ರತಿಗಳನ್ನು ಮುಂದಿಟ್ಟೆ. “ಒಂದು ನೀವು ಇಟ್ಕೊಳ್ಳಿ. ಇನ್ನೊಂದರ ಮೇಲೆ, ಬಂದಿದೆ ಅಂತ ಸೀಲು ಹಾಕಿ ಕೊಡಿ. ಆಮೇಲೆ ಒಪ್ಪಿಗೆಗೆ ಸಹಿ.”

ಅವರು ಓದಿದರು. ಕೆಂಪು ಸಹಿಯನ್ನು ಎರಡು ಸಲ ನೋಡಿದರು. “ಇದನ್ನೆಲ್ಲ ತಗೊಳ್ಳೋಕೆ ಆಗಲ್ಲ ಅಮ್ಮ. ಒಪ್ಪಿಗೆ ಇಲ್ಲ ಅಂದ್ರೆ ನಾಳೆ ಲಿಸ್ಟಿಂದ ನಿಮ್ಮನ್ನ ತೆಗೀಬೇಕಾಗುತ್ತೆ. ಮುಂದಿನ ಸರದಿ ಯಾವಾಗಲೋ. ಒಳಗೆ ಒಡೆದುಹೋದ್ರೆ ಜವಾಬ್ದಾರಿ ನಿಮ್ಮದೇ.”

“ಹೊಟ್ಟೆ ನನ್ನದು ಅಂತ ಈಗಲಾದರೂ ಒಪ್ಪಿದ್ರಲ್ಲ. ತೆಗೀರಿ” ಅಂದೆ.

ಅಂದುಬಿಟ್ಟೆ. ಹೊದಿಕೆಯ ಕೆಳಗೆ ಎರಡು ಕೈಯನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಬಲಗಡೆ ಯಾರೋ ಸ್ಕ್ರೂ ತಿರುಗಿಸಿದ ಹಾಗೆ ನೋವು. ಟೀಚರಮ್ಮನ ಉಸಿರೊಂದೇ ಕೇಳುತ್ತಿತ್ತು.

ದೊಡ್ಡ ಸಿಸ್ಟರ್ ಬಂದರು. ಯಾರನ್ನೂ ಕೇಳದೆ ಹಾಳೆ ಎತ್ತಿಕೊಂಡು ನಿಂತೇ ಓದಿದರು. ಮತ್ತೊಮ್ಮೆ ಮೊದಲಿನಿಂದ ಓದಿದರು.

“ಇದು ಪೂರ್ತಿ ಅಲ್ಲ” ಅಂದರು.

ಮೈ ಉರಿದುಹೋಯಿತು. “ಇನ್ನೇನು ಬಾಕಿ ಇದೆ ಸಿಸ್ಟರ್?”

“ಆ ದಿನ ಬೆಳಿಗ್ಗೆ ಇಲ್ಲಿ ಇಬ್ಬರು ಇರಬೇಕಾಗಿತ್ತು. ಮೇಲೆ ಜನ ಇಲ್ಲ ಅಂತ ಇನ್ನೊಬ್ಬಳನ್ನ ನಾನೇ ಕಳಿಸ್ದೆ. ಹನ್ನೆರಡು ಹಾಸಿಗೆಗೆ ಆ ಹುಡುಗಿ ಒಬ್ಬಳೇ. ಅದನ್ನ ಬರೆದಿಲ್ಲ ನೀವು.”

ಸ್ಟೂಲನ್ನು ಅವರ ಕಡೆ ಸರಿಸಿದೆ. ಆಮೇಲೆ ಹೇಳಿದೆ, “ಅದು ನಿಮ್ಮ ಮಾತು ಸಿಸ್ಟರ್. ನಿಮ್ಮ ಕೈಯಲ್ಲೇ ಬರೀರಿ.”

ಅವರು ಕಚೇರಿಯವರ ಕಡೆ ನೋಡದೆ ಜೇಬಿನಿಂದ ಪೆನ್ನು ತೆಗೆದರು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಬಗ್ಗಿ ಎರಡೂ ಪ್ರತಿಗಳಲ್ಲಿ ಎರಡೆರಡು ಸಾಲು ಬರೆದು, ಸಹಿ ಹಾಕಿ, ತಾರೀಖು ಹಾಕಿದರು. “ಬನ್ನಿ ಸಾರ್, ಸೀಲು ಎಲ್ಲಿದೆ ಅಂತ ನನಗೆ ಗೊತ್ತು” ಎಂದು ಅವರನ್ನು ಕರೆದುಕೊಂಡು ಹೋದರು. ಅರ್ಧ ಗಂಟೆಗೆ ವಾಪಸ್ಸು ಬಂದು ಸೀಲು ಬಿದ್ದ ಪ್ರತಿಯನ್ನು ನನ್ನ ಮಡಿಲಿಗೆ ಹಾಕಿದರು. “ತಲೆನೋವು ನೀವು” ಅಂದರು. ಮುಂದೆ ಅವರಿಗೇನು, ಆ ಹುಡುಗಿಗೇನು, ನನಗೆ ಗೊತ್ತಿಲ್ಲ. ಕೇಳಿದ್ದಕ್ಕೆ, “ಗೊತ್ತಾದಾಗ ಹೇಳ್ತೀನಿ” ಅಂದರು. ಹೇಳುತ್ತಾರೆ ಅನ್ನಿಸಿತು.

ಒಪ್ಪಿಗೆ ಪತ್ರವನ್ನು ಮೊದಲಿಂದ ಕಡೆಯವರೆಗೆ ಓದಿ, ತಿಳಿಯದ ಎರಡು ಮಾತು ಕೇಳಿ ತಿಳಿದುಕೊಂಡು, ಸಹಿ ಹಾಕಿದೆ.

ಸಂಜೆ ನಮ್ಮ ಹುಡುಗಿ ಇಂಜೆಕ್ಷನ್ ಹಿಡಿದು ಬಂದಳು. ಫ್ಯಾನಿಗೆ ಹಾರದ ಹಾಗೆ ಫೈಲಿನ ಹಾಳೆ ಒತ್ತಿ ಹಿಡಿದು, ಗಂಟಲು ಸರಿಮಾಡಿಕೊಂಡು, “ಅಮ್ಮ, ನಿಮ್ಮ ಪೂರ್ತಿ ಹೆಸರು ಹೇಳಿ” ಅಂದಳು. ಒಂಬತ್ತು ದಿನದಿಂದ ನನ್ನ ಮುಖ ನೋಡುತ್ತಿರುವವಳು! ಹೇಳಿದೆ. ಅವಳು ತಿರುಗಿ ಹೇಳಿದಳು. “ಇನ್ಸುಲಿನ್, ಹತ್ತು ಯೂನಿಟ್” ಅಂದಳು. “ಇನ್ಸುಲಿನ್, ಹತ್ತು ಯೂನಿಟ್” ಅಂದೆ. ಆಮೇಲೆ ಚುಚ್ಚಿದಳು. ಅಲ್ಲಿಂದ ಮುಂದಿನ ಹಾಸಿಗೆಗೆ ಹೋಗಿ ಅಲ್ಲೂ ಕೇಳಿದಳು.

ಯಾರೋ ನೋಡಲು ಬಂದವರು, “ಹೀಗೆ ಮಾಡಿದ್ರೆ ಹನ್ನೆರಡು ಜನಕ್ಕೆ ಮುಗಿಯೋದು ಯಾವಾಗ?” ಅಂದರು.

“ನಾವೇನು ಬಸ್ಸು ಹಿಡಿಯೋಕೆ ಹೊರಟಿದ್ದೀವಾ?” ಅಂದೆ. ವಾರ್ಡಿಗೆ ವಾರ್ಡೇ ನಕ್ಕಿತು. ಬಾಗಿಲ ಪಕ್ಕದ ಹೆಂಗಸು ಬಂದಾಗಿನಿಂದ ತುಟಿ ಬಿಚ್ಚಿದವಳಲ್ಲ. ಅವಳ ಸರದಿ ಬಂದಾಗ, ಹುಡುಗಿ ಕೇಳುವುದಕ್ಕೆ ಮೊದಲೇ, ದೊಡ್ಡ ದನಿಯಲ್ಲಿ ತನ್ನ ಹೆಸರು, ಅಪ್ಪನ ಹೆಸರು ಎರಡನ್ನೂ ಹೇಳಿ ತಾನೇ ನಾಚಿಕೊಂಡಳು.

ತಂಗೀ, ನಾಳೆಯದನ್ನು ನೆನೆದರೆ ನನಗೆ ಹೆದರಿಕೆಯಾಗುತ್ತದೆ. ಟೀಚರಮ್ಮನಿಗೂ ಹೇಳಿದೆ, ಬೆಳಿಗ್ಗೆ ಕರೆದೊಯ್ಯುವ ದೊಡ್ಡ ಸಿಸ್ಟರಿಗೂ ಹೇಳಿದೆ. “ಬಾಗಿಲವರೆಗೆ ನಾನು ಇರ್ತೀನಿ. ಒಳಗೆ ನಿಮ್ಮನ್ನ ಹೆಸರು ಕೇಳ್ತಾರೆ, ಯಾವ ಆಪರೇಷನ್ ಅಂತ ಕೇಳ್ತಾರೆ, ಮಲಗಿಸೋ ಮುಂಚೆ” ಅಂದರು. “ಕೇಳದಿದ್ರೆ?” ಅಂದೆ. “ಎದ್ದು ಬನ್ನಿ” ಅಂದರು. ಈ ಸಲ ಅವರೇ ನಕ್ಕರು.

ಸೊಸೆ ಈಗ ಬರುತ್ತಾಳೆ, ಈ ಹಾಳೆಗಳನ್ನು ಅವಳ ಕೈಗೆ ಕೊಡುತ್ತೇನೆ, ನಾಳೆ ಅಂಚೆಗೆ ಹಾಕುತ್ತಾಳೆ. ಇನ್ನೂ ಒಂದು ವಾರ ಇಲ್ಲೇ ಇರುತ್ತೇನಂತೆ. ನೀನು ಕೂತಲ್ಲೇ ಕೂತು ಗಾಬರಿ ಪಡದೆ ಬೇಗ ಒಂದು ಕಾಗದ ಬರಿ, ಎಲ್ಲರ ವಿಚಾರ ಬರಿ. ಕವರಿನ ಮೇಲೆ ಹಾಸಿಗೆಯ ನಂಬರು ಬೇಡ, ನಾಳೆಯಿಂದ ಎಲ್ಲಿ ಮಲಗಿಸುತ್ತಾರೋ ಏನೋ. ನನ್ನ ಹೆಸರು ಬರಿ, ಪೂರ್ತಿ ಹೆಸರು, ದೊಡ್ಡ ಅಕ್ಷರದಲ್ಲಿ. ಕೇಳಿಕೊಂಡು ಬಂದು ಕೊಡುತ್ತಾರೆ.